ನಿಮಗಿದು ಗೊತ್ತೇ? ತೂಕ ಇಳಿಸುವ ಆಪರೇಷನ್, ಕೈಯಿಂದ ಕಟ್ಟಿದ ಬಿಲ್ಲು, ವಿಮೆಯ ಲೆಕ್ಕ

ತೂಕ ಇಳಿಸುವ ಆಪರೇಷನ್‌ಗೆ ಕೈಯಿಂದ ಹಣ ಕಟ್ಟಿ, ಆಮೇಲೆ ವಿಮಾ ಕಂಪನಿಯಿಂದ ವಾಪಸ್ ಪಡೆಯಬಹುದೇ? ಪಡೆಯಬಹುದು. ಆದರೆ ಆ ಹಣ ಬರುತ್ತದೋ ಇಲ್ಲವೋ ಎಂಬುದು ಬಹುಪಾಲು ಆಪರೇಷನ್‌ಗೆ ಮೊದಲೇ ತೀರ್ಮಾನವಾಗಿರುತ್ತದೆ. ಚಳ್ಳಕೆರೆ, ಮೊಳಕಾಲ್ಮುರು ಕಡೆಯಿಂದ ದಾವಣಗೆರೆ, ಬಳ್ಳಾರಿ, ಬೆಂಗಳೂರಿನ ದೊಡ್ಡಾಸ್ಪತ್ರೆಗಳಿಗೆ ಹೊರಡುವವರು ಬಸ್ ಹತ್ತುವ ಮೊದಲು ಓದಿಕೊಳ್ಳಲಿ ಎಂದು ಇಷ್ಟು ಮಾಹಿತಿ.

ತೂಕದ ಲೆಕ್ಕ

● ಬೊಜ್ಜಿನ ಆಪರೇಷನ್‌ಗೆ ವಿಮೆ ಇಲ್ಲವೇ ಇಲ್ಲ ಎಂಬ ಮಾತನ್ನು ಇನ್ನು ಬಿಡಬಹುದು. ಕಂಪನಿಗಳು ಯಾವ ಖರ್ಚನ್ನು ಪಾಲಿಸಿಯಿಂದ ಹೊರಗಿಡಬಹುದು ಎಂಬುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ಒಂದೇ ಬಗೆಯ ಪಟ್ಟಿ ಹೊರಡಿಸಿತು. ಅದರಲ್ಲಿ ‘ಎಕ್ಸ್‌ಕ್ಲೂಷನ್ 06’ ಬೊಜ್ಜಿಗೆ ಸಂಬಂಧಿಸಿದ್ದು. ಷರತ್ತು ಪೂರೈಸದ ಆಪರೇಷನ್‌ಗೆ ಹಣವಿಲ್ಲ ಎನ್ನುತ್ತದೆ ಅದು. ಷರತ್ತೆಲ್ಲ ಪೂರೈಸಿದವರ ಕ್ಲೈಮನ್ನು ಈ ಕಲಮು ತೋರಿಸಿ ತಳ್ಳಿಹಾಕುವಂತಿಲ್ಲ.

● ಷರತ್ತುಗಳು ನಾಲ್ಕು. ವೈದ್ಯರು ಸಲಹೆ ಕೊಟ್ಟಿರಬೇಕು. ಮಾಡಿದ ವಿಧಾನ ಒಪ್ಪಿತ ಚಿಕಿತ್ಸಾ ಕ್ರಮದಲ್ಲಿರಬೇಕು. ರೋಗಿಗೆ 18 ವರ್ಷ ತುಂಬಿರಬೇಕು. ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಬಿಎಂಐ 35ರಿಂದ 40ರ ನಡುವೆ ಇದ್ದರೆ, ಪಥ್ಯ, ವ್ಯಾಯಾಮ, ಔಷಧಿಯಂಥ ದಾರಿಗಳಲ್ಲಿ ತೂಕ ಇಳಿಯದೇ ಹೋಗಿರಬೇಕು. ಜೊತೆಗೆ ಒಂದು ತೀವ್ರ ಕಾಯಿಲೆಯೂ ಇರಬೇಕು.

● ಆ ತೀವ್ರ ಕಾಯಿಲೆಗಳೂ ನಾಲ್ಕೇ: ಬೊಜ್ಜಿನಿಂದ ಬಂದ ಹೃದಯ ಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಟೈಪ್-2 ಸಕ್ಕರೆ ಕಾಯಿಲೆ. ಮಂಡಿನೋವು, ಬಿಪಿ, ಪಿಸಿಒಡಿ, ಫ್ಯಾಟಿ ಲಿವರ್ ಈ ಪಟ್ಟಿಯಲ್ಲಿಲ್ಲ. ಮಂಡಿ ಹಿಡಿದು ಮೆಟ್ಟಿಲು ಹತ್ತಲಾಗದವರಿಗೂ ‘ಪಟ್ಟಿಯಲ್ಲಿಲ್ಲ’ ಎಂಬ ಉತ್ತರವೇ ಬಂದೀತು.

● ಬಿಎಂಐ ಲೆಕ್ಕ ಮನೆಯಲ್ಲೇ ಹಾಕಬಹುದು: ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಆಯಿತು. 160 ಸೆಂ.ಮೀ. ಎತ್ತರದ ಹೆಂಗಸಿಗೆ ಬಿಎಂಐ 40 ಆಗಲು 102.4 ಕಿಲೋ ಇರಬೇಕು, 35 ಆಗಲು 89.6 ಕಿಲೋ. 170 ಸೆಂ.ಮೀ. ಎತ್ತರದ ಗಂಡಸಿಗೆ 115.6 ಮತ್ತು 101.2 ಕಿಲೋ. ಎತ್ತರವನ್ನು ಒಂದೆರಡು ಸೆಂಟಿಮೀಟರ್ ತಪ್ಪಾಗಿ ಬರೆದರೂ ಗೆರೆ ಆಚೀಚೆಯಾಗುತ್ತದೆ.

● ಈ ಲೆಕ್ಕ ಕಂಡುಹಿಡಿದಾತ ವೈದ್ಯನಲ್ಲ. ಬೆಲ್ಜಿಯಂನ ಖಗೋಳ ಮತ್ತು ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ 19ನೇ ಶತಮಾನದಲ್ಲಿ ಜನರ ಸರಾಸರಿ ಮೈಕಟ್ಟು ಅಳೆಯಲು ಮಾಡಿದ ಸೂತ್ರ ಅದು. ‘ಬಾಡಿ ಮಾಸ್ ಇಂಡೆಕ್ಸ್’ ಎಂಬ ಹೆಸರನ್ನು 1972ರಲ್ಲಿ ಕೊಟ್ಟವರು ಅಮೆರಿಕದ ಆನ್ಸೆಲ್ ಕೀಸ್.

● 40 ಮತ್ತು 35ರ ಗೆರೆಯೂ ಅಮೆರಿಕದ್ದೇ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1991ರಲ್ಲಿ ಅದನ್ನು ಎಳೆಯಿತು. ಬೊಜ್ಜಿನ ಶಸ್ತ್ರಚಿಕಿತ್ಸಕರ ಅಂತರರಾಷ್ಟ್ರೀಯ ಸಂಘಟನೆಗಳು 2022ರಲ್ಲಿ ಗೆರೆಯನ್ನು ಕೆಳಗಿಳಿಸಿ, ಏಷ್ಯಾದವರಿಗೆ 27.5 ದಾಟಿದರೇ ಆಪರೇಷನ್ ಯೋಚಿಸಬಹುದು ಎಂದವು. ವಿಮೆಯ ಷರತ್ತಿನಲ್ಲಿ ಮಾತ್ರ ಹಳೆಯ ಅಂಕಿಯೇ ನಿಂತಿದೆ. ಹಾಗಾಗಿ ಡಾಕ್ಟರ್ ‘ಆಪರೇಷನ್ ಬೇಕು’ ಎಂದದ್ದೂ ಸರಿ, ಕಂಪನಿ ‘ದುಡ್ಡಿಲ್ಲ’ ಎಂದದ್ದೂ ಪಾಲಿಸಿ ಪ್ರಕಾರ ಸರಿ ಆಗಿಬಿಡಬಹುದು.

● ಆಪರೇಷನ್‌ಗೆ ಮೊದಲು ಯಕೃತ್ತು ಕುಗ್ಗಲೆಂದು ಕೆಲವು ವಾರ ಕಡಿಮೆ ಕ್ಯಾಲರಿಯ ಪಥ್ಯ ಹೇಳುತ್ತಾರೆ. ಆಗಲೇ ನಾಲ್ಕಾರು ಕಿಲೋ ಇಳಿದು, ಅಡ್ಮಿಟ್ ಆದ ದಿನ ಬಿಎಂಐ 39ಕ್ಕೆ ಬಂದು ನಿಂತಿರಬಹುದು. ಕೇಸ್‌ ಶೀಟಿನಲ್ಲಿ ಅದೊಂದೇ ತೂಕ ಇದ್ದರೆ ತಕರಾರು ಶುರು. ಮೊದಲ ಭೇಟಿಯ ತೂಕ, ಎತ್ತರ, ತಾರೀಖು ಡಾಕ್ಟರ ಚೀಟಿಯಲ್ಲೂ ಡಿಸ್ಚಾರ್ಜ್ ಸಮ್ಮರಿಯಲ್ಲೂ ಇರುವಂತೆ ನೋಡಿಕೊಳ್ಳಿ.

● ‘ಶುಗರ್ ಹತೋಟಿಯಲ್ಲಿಲ್ಲ’ ಎಂದು ಬಾಯಲ್ಲಿ ಹೇಳಿದರೆ ಸಾಲದು. ಹಿಂದಿನ ತಿಂಗಳುಗಳ ಎಚ್‌ಬಿಎ1ಸಿ ರಕ್ತಪರೀಕ್ಷೆಯ ವರದಿಗಳು ಅದನ್ನು ಹೇಳಬೇಕು. ಸ್ಲೀಪ್ ಆಪ್ನಿಯಾಗೆ ರಾತ್ರಿಯಿಡೀ ಮಲಗಿಸಿ ಮಾಡುವ ನಿದ್ರಾ ಪರೀಕ್ಷೆಯ ವರದಿ ಬೇಕು. ಗಂಟೆಗೆ 30 ಸಲ ಅಥವಾ ಅದಕ್ಕಿಂತ ಹೆಚ್ಚು ಉಸಿರು ತಡೆದರೆ ಅದು ‘ತೀವ್ರ’. ಆಪರೇಷನ್ ಆಗಿ ತೂಕ ಇಳಿದ ಮೇಲೆ ಈ ಪುರಾವೆಗಳನ್ನು ಹುಟ್ಟಿಸಲಾಗದು.

ಕಾಯುವ ಕಾಲ

● ಪಾಲಿಸಿ ಮಾಡಿಸುವಾಗಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ ಮೊದಲು ಗರಿಷ್ಠ 48 ತಿಂಗಳಿತ್ತು. 2024ರ ಏಪ್ರಿಲ್ 1ರಿಂದ ಅದು 36 ತಿಂಗಳು. ಬೊಜ್ಜಿನ ಆಪರೇಷನ್‌ಗೇ ಬೇರೆ ಕಾಯುವ ಅವಧಿ ಇಟ್ಟಿರುವ ಪಾಲಿಸಿಗಳೂ ಇವೆ. ಪಾಲಿಸಿಯ ಪುಸ್ತಕದಲ್ಲಿ ಅದನ್ನು ಹುಡುಕಿ ನೋಡಿಯೇ ಆಪರೇಷನ್ ತಾರೀಖು ಗೊತ್ತುಮಾಡಿ.

● ಪ್ರಪೋಸಲ್ ಫಾರಂನಲ್ಲಿ ಎತ್ತರ, ತೂಕ ಕೇಳುತ್ತಾರೆ. ಏಜೆಂಟರು ಟೀ ಅಂಗಡಿಯಲ್ಲಿ ಕೂತು ಅಂದಾಜಿನ ಮೇಲೆ ‘70 ಕೆ.ಜಿ.’ ಎಂದು ತುಂಬಿದ್ದನ್ನು ನೋಡದೆ ಸಹಿ ಹಾಕಿದರೆ, ಆಮೇಲೆ ಆ ಅಂಕಿ ನಿಮ್ಮದೇ ಹೇಳಿಕೆ. ಸಕ್ಕರೆ ಕಾಯಿಲೆ ಮುಚ್ಚಿಟ್ಟಿದ್ದರೂ ಅಷ್ಟೇ. ಪಾಲಿಸಿ ಕೈಗೆ ಬಂದ ಮೇಲೆ 30 ದಿನದ ‘ಫ್ರೀ ಲುಕ್’ ಇರುತ್ತದೆ. ಓದಿ, ತಪ್ಪಿದ್ದರೆ ತಿದ್ದಿಸಿ.

● ಐದು ವರ್ಷ ತಪ್ಪದೆ ನವೀಕರಿಸಿದ ಪಾಲಿಸಿಯ ಮೇಲೆ ‘ನೀವು ಮಾಹಿತಿ ಮುಚ್ಚಿಟ್ಟಿರಿ’ ಎಂದು ಕ್ಲೈಮ್ ತಿರಸ್ಕರಿಸುವಂತಿಲ್ಲ; ವಂಚನೆಯನ್ನು ಸಾಬೀತುಪಡಿಸಿದರೆ ಮಾತು ಬೇರೆ. ಇದಕ್ಕೆ ಮೊರಟೋರಿಯಂ ಎನ್ನುತ್ತಾರೆ. 2024ಕ್ಕೆ ಮೊದಲು ಅದು ಎಂಟು ವರ್ಷವಿತ್ತು.

● ಪಾಲಿಸಿಯ ಸಾರಾಂಶವನ್ನು ಹೇಳುವ ‘ಗ್ರಾಹಕ ಮಾಹಿತಿ ಪತ್ರ’ವನ್ನು ಪ್ರತಿ ಪಾಲಿಸಿಯೊಂದಿಗೆ ಕೊಡಲೇಬೇಕು. ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಅಂದರೆ ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು. ಕಾಯುವ ಅವಧಿ, ಹೊರಗಿಟ್ಟ ಖರ್ಚುಗಳು, ದೂರು ಕೊಡುವ ದಾರಿ ಎಲ್ಲ ಅದರಲ್ಲಿರುತ್ತವೆ.

ಹಣ ಕಟ್ಟುವ ಮುನ್ನ

● ‘ಕ್ಯಾಶ್‌ಲೆಸ್ ಸಿಗಲಿಲ್ಲ’ ಎಂದರೆ ‘ಕ್ಲೈಮ್ ಹೋಯಿತು’ ಎಂದಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಒಪ್ಪಿಗೆ ಸಿಗದಿದ್ದರೂ ಬಿಲ್ ಕಟ್ಟಿ, ದಾಖಲೆ ಸಮೇತ ಮರುಪಾವತಿಗೆ ಅರ್ಜಿ ಹಾಕಬಹುದು. ಕ್ಯಾಶ್‌ಲೆಸ್ ನಿರಾಕರಿಸಿದ ಪತ್ರವನ್ನು ಮಾತ್ರ ಹರಿದು ಹಾಕಬೇಡಿ. ಯಾವ ಕಾಗದ ಸಾಲಲಿಲ್ಲ ಎಂಬ ಸುಳಿವು ಅದರಲ್ಲೇ ಇರುತ್ತದೆ.

● ಕಂಪನಿಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳಬಹುದು. ಜನರಲ್ ಇನ್ಶೂರೆನ್ಸ್ ಕೌನ್ಸಿಲ್ 2024ರ ಜನವರಿಯಲ್ಲಿ ‘ಕ್ಯಾಶ್‌ಲೆಸ್ ಎವ್ರಿವೇರ್’ ಶುರು ಮಾಡಿತು. ಮೊದಲೇ ಗೊತ್ತಾದ ಆಪರೇಷನ್ ಆದರೆ 48 ಗಂಟೆ ಮುಂಚೆ ಕಂಪನಿಗೆ ತಿಳಿಸಬೇಕು. ಬೊಜ್ಜಿನ ಆಪರೇಷನ್ ರಾತ್ರೋರಾತ್ರಿ ಬರುವ ಎಮರ್ಜೆನ್ಸಿ ಅಲ್ಲ. ತಿಳಿಸಲು ಸಮಯ ಸಿಗಲಿಲ್ಲ ಎಂದರೆ ಯಾರೂ ನಂಬರು.

● ಎಲ್ಲ ನರ್ಸಿಂಗ್ ಹೋಮೂ ವಿಮೆಯ ಕಣ್ಣಿಗೆ ‘ಆಸ್ಪತ್ರೆ’ಯಲ್ಲ. ಸರ್ಕಾರದಲ್ಲಿ ನೋಂದಣಿಯಾಗಿರಬೇಕು, ಇಲ್ಲವೇ ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ ಕನಿಷ್ಠ 10 ಹಾಸಿಗೆ, ಅದಕ್ಕಿಂತ ದೊಡ್ಡ ನಗರದಲ್ಲಿ 15 ಹಾಸಿಗೆ, ಜೊತೆಗೆ ಹಗಲಿರುಳು ವೈದ್ಯರು, ನರ್ಸು, ಆಪರೇಷನ್ ಥಿಯೇಟರ್ ಇರಬೇಕು. ಇದರ ಮೇಲೆ ಪ್ರತಿ ಕಂಪನಿಯ ವೆಬ್‌ಸೈಟಿನಲ್ಲೂ ‘ಹೊರಗಿಟ್ಟ ಆಸ್ಪತ್ರೆ’ಗಳ ಪಟ್ಟಿ ಇರುತ್ತದೆ. ಅಲ್ಲಿ ಮಾಡಿಸಿದ ಯೋಜಿತ ಆಪರೇಷನ್‌ಗೆ ಬಿಡಿಗಾಸೂ ಬರುವುದಿಲ್ಲ.

● ಮೊಳಕಾಲ್ಮುರಿನವರಿಗೆ ಆಂಧ್ರದ ರಾಯದುರ್ಗ ಪಕ್ಕದ ಮನೆ ಇದ್ದ ಹಾಗೆ. ಗಡಿ ದಾಟಿ ಅನಂತಪುರದಲ್ಲೋ ಹೈದರಾಬಾದಿನಲ್ಲೋ ಆಪರೇಷನ್ ಮಾಡಿಸಿದರೂ ಆರೋಗ್ಯ ವಿಮೆ ನಡೆಯುತ್ತದೆ. ಪಾಲಿಸಿಗೆ ರಾಜ್ಯದ ಗಡಿಯಿಲ್ಲ.

● ಶೇಂಗಾ ಮಾರಿದ ನಗದನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗಬೇಡಿ. ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಆಸ್ಪತ್ರೆ ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಹೆಚ್ಚಿನ ನಗದು ಪಡೆಯುವಂತಿಲ್ಲ. ಕಂತುಗಳಲ್ಲಿ ಒಡೆದು ಕೊಟ್ಟರೂ ಅದೇ ನಿಯಮ. ಆರ್‌ಟಿಜಿಎಸ್, ಚೆಕ್, ಯುಪಿಐ ಮೂಲಕ ಕಟ್ಟಿದರೆ ನಿಮ್ಮ ಬ್ಯಾಂಕ್ ಪಾಸ್‌ಬುಕ್ಕೇ ಸಾಕ್ಷಿ ಹೇಳುತ್ತದೆ.

ಫೈಲಿನೊಳಗೆ ಏನಿರಬೇಕು

● ಕ್ಲೈಮ್ ಫಾರಂ, ಗುರುತಿನ ಚೀಟಿ, ಅಡ್ಮಿಟ್ ಆಗಲು ಹೇಳಿದ ಡಾಕ್ಟರ ಚೀಟಿ, ಬಾಬ್ತುವಾರು ವಿವರವಿರುವ ಮೂಲ ಬಿಲ್ಲು, ಹಣ ಕಟ್ಟಿದ ರಸೀದಿ, ಡಿಸ್ಚಾರ್ಜ್ ಸಮ್ಮರಿ, ಪರೀಕ್ಷಾ ವರದಿಗಳು, ಆಪರೇಷನ್ ಥಿಯೇಟರ್ ಟಿಪ್ಪಣಿ, ಹೆಸರು ಅಚ್ಚಾದ ಕ್ಯಾನ್ಸಲ್ಡ್ ಚೆಕ್. ‘ಪ್ಯಾಕೇಜ್ ಮೊತ್ತ’ ಎಂದು ಒಂದೇ ಸಾಲಿನಲ್ಲಿ ಬರೆದ ಬಿಲ್ಲು ಒಪ್ಪಬೇಡಿ. ರೂಂ, ಸರ್ಜನ್, ಅರಿವಳಿಕೆ, ಔಷಧಿ ಬೇರೆ ಬೇರೆ ಸಾಲಿನಲ್ಲಿರಲಿ.

● ಜಠರವನ್ನು ಕತ್ತರಿಸಿ ಹೊಲಿಯಲು ಸರ್ಜನ್ ಸ್ಟೇಪ್ಲರ್ ಬಳಸುತ್ತಾರೆ. ಒಂದು ಆಪರೇಷನ್‌ಗೆ ಅದರ ಕಾರ್ಟ್ರಿಡ್ಜ್‌ಗಳು ಹಲವಾರು ಬೇಕಾಗುತ್ತವೆ. ಬಿಲ್ಲಿನ ದೊಡ್ಡ ಪಾಲು ಅವುಗಳದ್ದೇ. ಪ್ರತಿ ಪೊಟ್ಟಣದ ಮೇಲೂ ಬ್ಯಾಚ್ ನಂಬರಿನ ಸ್ಟಿಕ್ಕರ್ ಇರುತ್ತದೆ. ಅದನ್ನು ಕೇಸ್ ಶೀಟಿಗೆ ಅಂಟಿಸಿ, ಪ್ರತಿಯನ್ನೂ ಖರೀದಿ ಇನ್‌ವಾಯ್ಸನ್ನೂ ಕೊಡಿ ಎಂದು ಅಡ್ಮಿಟ್ ಆಗುವ ದಿನವೇ ಹೇಳಿಬಿಡಿ. ಕಸದ ಬುಟ್ಟಿಗೆ ಹೋದ ಸ್ಟಿಕ್ಕರ್ ತಿರುಗಿ ಸಿಗದು.

● ಎಲ್ಲ ಕಂಪನಿಗಳೂ 2020ರ ಏಪ್ರಿಲ್‌ನಿಂದ ಮಾರಲೇಬೇಕಾದ ‘ಆರೋಗ್ಯ ಸಂಜೀವನಿ’ ಪಾಲಿಸಿಯಲ್ಲಿ ಡಿಸ್ಚಾರ್ಜ್ ಆದ 30 ದಿನದೊಳಗೆ ಮರುಪಾವತಿ ಅರ್ಜಿ ಹಾಕಬೇಕು. ಅಡ್ಮಿಟ್ ಆಗುವ 30 ದಿನ ಹಿಂದಿನ, ಡಿಸ್ಚಾರ್ಜ್ ನಂತರದ 60 ದಿನದ ಸಂಬಂಧಪಟ್ಟ ಖರ್ಚೂ ಸಿಗುತ್ತದೆ. ಬೇರೆ ಪಾಲಿಸಿಗಳಲ್ಲಿ ದಿನಗಳು ಬೇರೆ ಇರಬಹುದು.

● ಆಫೀಸಿನ ಗುಂಪು ವಿಮೆಯೂ ಸ್ವಂತದ ಪಾಲಿಸಿಯೂ ಇದ್ದರೆ ಮೊದಲು ಯಾವುದರಲ್ಲಿ ಕೇಳಬೇಕೆಂಬ ಆಯ್ಕೆ ನಿಮ್ಮದು. ಅಲ್ಲಿ ಬಾರದೆ ಉಳಿದದ್ದನ್ನು ಇನ್ನೊಂದರಲ್ಲಿ ಕೇಳಬಹುದು. ಮೂಲ ಬಿಲ್ಲು ಮೊದಲನೆಯವರ ಬಳಿ ಇದ್ದರೆ ದೃಢೀಕೃತ ಪ್ರತಿ ಮತ್ತು ಅವರು ಕೊಟ್ಟ ಹಣದ ಲೆಕ್ಕಪತ್ರ ಸಾಕು. ಒಂದೇ ಖರ್ಚನ್ನು ಎರಡು ಸಲ ಪಡೆಯುವಂತಿಲ್ಲ.

ಕತ್ತರಿ ಎಲ್ಲಿ ಬೀಳುತ್ತದೆ

● ರೂಂ ಬಾಡಿಗೆ ಮಿತಿ ದಾಟಿದರೆ ಕಡಿತ ರೂಮಿಗಷ್ಟೇ ನಿಲ್ಲುವುದಿಲ್ಲ. ಒಂದು ಕಾಲ್ಪನಿಕ ಲೆಕ್ಕ ನೋಡಿ. ದಿನಕ್ಕೆ 5,000 ರೂಪಾಯಿ ಮಿತಿ ಇರುವಾಗ 10,000ದ ರೂಮಿನಲ್ಲಿ ಮೂರು ದಿನ ಇದ್ದಿರಿ. ರೂಮಿನ 30,000ಕ್ಕೆ 15,000 ಸಿಗುತ್ತದೆ. ಸರ್ಜನ್, ಅರಿವಳಿಕೆ, ಥಿಯೇಟರ್ ಸೇರಿ 1,60,000 ಆಗಿದ್ದರೆ ಅದಕ್ಕೂ ಅರ್ಧವೇ, 80,000. ಔಷಧಿ, ಇಂಪ್ಲಾಂಟ್‌ನಂಥ ಬಾಬ್ತಿಗೆ ಈ ಅನುಪಾತದ ಕಡಿತವಿಲ್ಲ. ಆ 1,50,000 ಪೂರ್ತಿ. ಒಟ್ಟು 2,45,000ದಲ್ಲಿ ನಿಮ್ಮ ಪಾಲೆಂದು ಪಾಲಿಸಿ ಹೇಳುವ ಶೇ. 5 ಸಹಪಾವತಿ ಕಳೆದು ಕೈಗೆ ಬರುವುದು 2,32,750. ಕಟ್ಟಿದ್ದು 3,40,000. ಜೇಬಿನಿಂದ ಹೋದದ್ದು ಒಂದು ಲಕ್ಷ ದಾಟಿತು; ಅದರಲ್ಲಿ ದೊಡ್ಡ ಪಾಲು ಎಸಿ ಡೀಲಕ್ಸ್ ರೂಮಿನ ಆಸೆಗೆ ಬಿದ್ದ ಬೆಲೆ.

● ಆಪರೇಷನ್ ನಂತರ ತಿಂಗಳುಗಟ್ಟಲೆ ಪ್ರೋಟೀನ್ ಪುಡಿ, ವಿಟಮಿನ್ ಮಾತ್ರೆ ಬೇಕಾಗುತ್ತವೆ. ಚೀಟಿ ಇಲ್ಲದೆ ಕೊಳ್ಳಬಹುದಾದ ಇಂಥವನ್ನು ವಿಮೆ ಹೊರಗಿಟ್ಟಿದೆ. ಆಸ್ಪತ್ರೆ ಚಿಕಿತ್ಸೆಯ ಭಾಗವಾಗಿ ಡಾಕ್ಟರ್ ಬರೆದುಕೊಟ್ಟಿದ್ದರಷ್ಟೇ ಕೇಳಬಹುದು.

● ಕೊಬ್ಬು ಹೀರಿ ತೆಗೆಯುವ ಲೈಪೋಸಕ್ಷನ್ ತೂಕ ಇಳಿಸುವ ಆಪರೇಷನ್ ಅಲ್ಲ. ಅದು ಸೌಂದರ್ಯ ಚಿಕಿತ್ಸೆ, ವಿಮೆ ಇಲ್ಲ. ತೂಕ ಇಳಿದ ಮೇಲೆ ಜೋತುಬಿದ್ದ ಚರ್ಮ ತೆಗೆಸುವುದನ್ನೂ ಕಂಪನಿಗಳು ಸಾಮಾನ್ಯವಾಗಿ ಇದೇ ಗುಂಪಿಗೆ ಸೇರಿಸುತ್ತವೆ. ಬೆಂಗಳೂರಿನಲ್ಲಿ 2022ರ ಮೇ ತಿಂಗಳಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಜೀವ ಕಳೆದುಕೊಂಡದ್ದು ಕೊಬ್ಬು ತೆಗೆಸುವ ಇಂಥ ಚಿಕಿತ್ಸೆಯ ಬಳಿಕ.

● ತೂಕ ಇಳಿಸುವ ಚುಚ್ಚುಮದ್ದುಗಳಾದ ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಮನೆಯಲ್ಲೇ ಚುಚ್ಚಿಕೊಳ್ಳುವ ಇವುಗಳ ಖರ್ಚು, ಆಸ್ಪತ್ರೆಗೆ ದಾಖಲಾದರಷ್ಟೇ ಹಣ ಕೊಡುವ ಪಾಲಿಸಿಯಲ್ಲಿ ಬಾರದು. ಆದರೂ ಬಿಲ್ಲು ಇಟ್ಟುಕೊಳ್ಳಿ. ‘ಬೇರೆ ದಾರಿ ನೋಡಿದೆವು, ತೂಕ ಇಳಿಯಲಿಲ್ಲ’ ಎನ್ನಲು ಅದೇ ಆಧಾರ.

ಸರ್ಕಾರಿ ಯೋಜನೆಗಳ ಕಥೆ

● ‘ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ’ದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಗರಿಷ್ಠ ಒಂದೂವರೆ ಲಕ್ಷ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2023ರಲ್ಲಿ ಮತ್ತೆ ಶುರುವಾದ ‘ಯಶಸ್ವಿನಿ’ಯೂ ಇದೆ. ಎರಡೂ ಮೊದಲೇ ಅನುಮತಿ ಪಡೆದು ನಡೆಯುವ ನಗದುರಹಿತ ಯೋಜನೆಗಳು. ಖಾಸಗಿಯಾಗಿ ಹಣ ಕಟ್ಟಿ ಬಿಲ್ಲು ತಂದರೆ ಇಲ್ಲಿ ಮರುಪಾವತಿಯ ಕಿಟಕಿಯಿಲ್ಲ.

● ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮುರಿನ ಮಗ್ಗದವರಿಗೆ ‘ಆರೋಗ್ಯ ವಿಮೆ’ ಹೊಸ ಮಾತಲ್ಲ. ಕೇಂದ್ರ ಸರ್ಕಾರ 2005ರಲ್ಲಿ ಕೈಮಗ್ಗ ನೇಕಾರರಿಗೆಂದೇ ವಿಮಾ ಯೋಜನೆ ತಂದಿತ್ತು. ಕುಟುಂಬಕ್ಕೆ ವರ್ಷದ ಮಿತಿ 15,000 ರೂಪಾಯಿ, ಅದರಲ್ಲಿ 7,500 ಹೊರರೋಗಿ ಚಿಕಿತ್ಸೆಗೆ. ಇವತ್ತಿನ ಬೊಜ್ಜಿನ ಆಪರೇಷನ್‌ನ ಬಿಲ್ಲು ಲಕ್ಷಗಳಲ್ಲಿ.

● ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ ಸಿಜಿಎಚ್‌ಎಸ್‌ನಲ್ಲಿರುವ ನೌಕರರು, ನಿವೃತ್ತರು ನೆನಪಿಡಬೇಕಾದ ತೀರ್ಪೊಂದಿದೆ. ಶಿವಕಾಂತ್ ಝಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಏಪ್ರಿಲ್‌ನಲ್ಲಿ, ಆಸ್ಪತ್ರೆ ಪಟ್ಟಿಯಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಮರುಪಾವತಿ ನಿರಾಕರಿಸಬಾರದು, ಚಿಕಿತ್ಸೆ ನಿಜವಾಗಿ ನಡೆಯಿತೇ ಎಂಬುದನ್ನು ನೋಡಬೇಕು ಎಂದಿತು. ಅದು ಹೃದಯದ ಚಿಕಿತ್ಸೆಯ ಪ್ರಕರಣ.

ಕಂಪನಿ ‘ಇಲ್ಲ’ ಎಂದರೆ

● 2024ರ ಮೇ 29ರ ಐಆರ್‌ಡಿಎಐ ಸುತ್ತೋಲೆಯ ಪ್ರಕಾರ ಯಾವ ಕ್ಲೈಮನ್ನೂ ಒಬ್ಬ ಅಧಿಕಾರಿ ತಾನೇ ತಿರಸ್ಕರಿಸುವಂತಿಲ್ಲ. ಕಂಪನಿಯ ಪರಿಶೀಲನಾ ಸಮಿತಿ ಒಪ್ಪಬೇಕು. ಪಾಲಿಸಿಯ ಯಾವ ಕಲಮಿನಡಿ ತಿರಸ್ಕಾರ ಎಂದು ಬರವಣಿಗೆಯಲ್ಲಿ ತಿಳಿಸಬೇಕು. ಫೋನಿನಲ್ಲಿ ‘ಬರಲ್ಲ ಸರ್’ ಎಂದರೆ ಅದು ತಿರಸ್ಕಾರವಲ್ಲ, ಪತ್ರ ಕೇಳಿ.

● ಕ್ಲೈಮ್ ಮಾಡಿದವನ ಕೈಮೀರಿದ ದಾಖಲೆ ತಾ ಎಂದು ಪೀಡಿಸಿ ಹಣ ತಡೆಹಿಡಿಯಬಾರದು ಎಂದು ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ಗುರ್ಮೇಲ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಅದು ಕಳುವಾದ ಲಾರಿಯ ವಿಮೆ. ಹೊರಗಿಡುವ ಷರತ್ತುಗಳ ಪ್ರತಿಯನ್ನೇ ಗ್ರಾಹಕರಿಗೆ ಕೊಡದಿದ್ದರೆ ಆ ಷರತ್ತು ಅವರನ್ನು ಕಟ್ಟಿಹಾಕದು ಎಂದು 2019ರಲ್ಲಿ ಭಾರತ್ ವಾಚ್ ಕಂಪನಿ ಪ್ರಕರಣದಲ್ಲಿ ಹೇಳಿತು. ಅದು ಅಂಗಡಿಯ ವಿಮೆ. ಎರಡೂ ತೀರ್ಪುಗಳ ನೀತಿ ಆಪರೇಷನ್ ಬಿಲ್ಲಿಗೂ ನೆರವಿಗೆ ಬರುತ್ತದೆ.

● ಗಡುವು ಮೀರಿ ಹಣ ತಡವಾದರೆ ಕಂಪನಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರಕ್ಕಿಂತ ಶೇ. 2 ಹೆಚ್ಚು ಬಡ್ಡಿ ಕೊಡಬೇಕು. ಊರಲ್ಲಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಕೈಸಾಲ ತಂದು ಕಟ್ಟಿದ್ದರೆ ಅದು ವರ್ಷಕ್ಕೆ ಶೇ. 24. ವ್ಯತ್ಯಾಸ ನಿಮ್ಮ ಜೇಬಿನಿಂದಲೇ. ಆಸ್ಪತ್ರೆ ಬಿಲ್ಲಿನ ಇಎಂಐಗೆ ಕಟ್ಟುವ ಬಡ್ಡಿಯನ್ನೂ ವಿಮೆ ತುಂಬಿಕೊಡದು.

● ಕಂಪನಿಯ ದೂರು ಅಧಿಕಾರಿಗೆ ಬರೆದು ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್ ಬಾಗಿಲು ತಟ್ಟಬಹುದು. ಇಡೀ ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿದೆ. 50 ಲಕ್ಷದವರೆಗಿನ ವಿವಾದ ನೋಡುತ್ತಾರೆ. ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ, ಆನ್‌ಲೈನ್‌ನಲ್ಲೂ ದೂರು ಹಾಕಬಹುದು. ದೂರಿಗೆ ಕಂಪನಿಯ ಉತ್ತರ ಕೈಸೇರಿದ ದಿನದಿಂದ, ಉತ್ತರವೇ ಬಾರದಿದ್ದರೆ ಆ ಒಂದು ತಿಂಗಳು ಮುಗಿದ ದಿನದಿಂದ, ಒಂದು ವರ್ಷದೊಳಗೆ ಹೋಗಬೇಕು.

● ಓಂಬುಡ್ಸ್‌ಮನ್ ಆದೇಶವನ್ನು ಕಂಪನಿ 30 ದಿನದಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿ ದಂಡ. ಅದು ಸೇರುವುದು ದೂರುದಾರರಿಗೆ.

● ಓಂಬುಡ್ಸ್‌ಮನ್ ತೀರ್ಪು ಒಪ್ಪಿಗೆಯಾಗದಿದ್ದರೆ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಆದರೆ ಮೊದಲೇ ಆಯೋಗದಲ್ಲಿ ಕೇಸು ಹಾಕಿದ್ದರೆ ಓಂಬುಡ್ಸ್‌ಮನ್ ದೂರು ತೆಗೆದುಕೊಳ್ಳುವುದಿಲ್ಲ, ಸರದಿ ತಪ್ಪಿಸಬೇಡಿ. ಆಯೋಗಕ್ಕೆ ಎರಡು ವರ್ಷದ ಗಡುವು. 2019ರ ಕಾಯ್ದೆಯಂತೆ ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಟ್ಟಿದ ಪ್ರೀಮಿಯಂ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

● ಚಳ್ಳಕೆರೆ, ಮೊಳಕಾಲ್ಮುರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಎಲ್ಲ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಹತ್ತಿರದ ಕೋರ್ಟಿನ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.

● ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯವರ ‘ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಈ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ವಿಮೆಯ ವಿಷಯದಲ್ಲಂತೂ ಅದು ಅಕ್ಷರಶಃ ನಿಜ. ಇಲ್ಲಿ ‘ಮಾಡಿದ್ದು’ ಎಂದರೆ ಕಾಗದಪತ್ರ.

ಆಪರೇಷನ್ ಎಂದು ನಿರ್ಧಾರವಾದ ದಿನವೇ ಮೂರು ಕೆಲಸ ಮುಗಿಸಿ: ತೂಕ–ಎತ್ತರ ಬರೆಸಿದ ಡಾಕ್ಟರ ಚೀಟಿ, ಕಂಪನಿಗೆ ಲಿಖಿತ ಸೂಚನೆ, ಎಲ್ಲ ಹಳೆಯ ವರದಿಗಳ ಎರಡು ಜೆರಾಕ್ಸ್. ದೂರಿಗೆ ಕಂಪನಿಯ ಉತ್ತರ ಬಂದರೆ ಅದು ಕೈಸೇರಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಓಂಬುಡ್ಸ್‌ಮನ್ ಬಳಿ ಹೋಗುವ ಒಂದು ವರ್ಷದ ಗಡುವು ಅಂದಿನಿಂದ ಎಣಿಕೆಯಾಗುತ್ತದೆ.